ನನಗೆ ಬೇಕು, ಆದರೆ ಕಾನೂನಾಗಿ ಬೇಡ: ದಯಾಮರಣದ ಬಗ್ಗೆ ಹೀಗೆ ಯೋಚಿಸುವುದು ಇಬ್ಬಗೆಯಾ?

ಡೊಂಬಿವಲಿ ಅಕ್ಕ

ನೇರವಾಗಿ ಕೇಳಿಬಿಡುತ್ತೇನೆ. ನಾಳೆ ನನಗೆ ವಾಸಿಯಾಗದ ಕಾಯಿಲೆ ಬಂದು, ನುಂಗಲೂ ಆಗದೆ, ಮಗ್ಗುಲು ಬದಲಿಸಲೂ ಆಗದೆ ಬಿದ್ದುಕೊಂಡರೆ, ಡಾಕ್ಟರ ಕೈಯಿಂದ ಒಂದು ಇಂಜೆಕ್ಷನ್ ತೆಗೆದುಕೊಂಡು ಹೊರಡುವ ಹಕ್ಕು ನನಗೆ ಬೇಕು. ಅದರಲ್ಲಿ ಪಾಪ ಇದೆ ಅಂತ ಅನ್ನಿಸುವುದಿಲ್ಲ. ಆದರೆ ಅದೇ ಹಕ್ಕನ್ನು ಈ ದೇಶದಲ್ಲಿ ಕಾನೂನು ಮಾಡೋಣವಾ ಅಂತ ಯಾರಾದರೂ ನನ್ನ ವೋಟು ಕೇಳಿದರೆ ಬೇಡ ಅನ್ನುತ್ತೇನೆ. ಅಕ್ಕನ ಮಗಳು ಇದನ್ನು ಕೇಳಿ, "ಚಿಕ್ಕಿ, ನನಗೊಬ್ಬಳಿಗೆ ಬಡಿಸಿ, ಪಂಕ್ತಿಗೆ ಬೇಡ ಅಂದ ಹಾಗಾಯಿತು" ಅಂದಳು. ಆ ಮಾತು ಚುಚ್ಚಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹಿನ್ನೆಲೆ ಹೇಳಬೇಕು. ನನ್ನ ಭಾವ, ಅಂದರೆ ಅಕ್ಕನ ಗಂಡ, ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದವರು. ನೋಟು ಎಣಿಸುವುದರಲ್ಲಿ ಅವರ ಬೆರಳು ನಮ್ಮ ಬ್ಯಾಂಕಿನ ಮಷೀನಿಗಿಂತ ಚುರುಕು. ಮೊದಲು ಕೈಕೊಟ್ಟಿದ್ದೂ ಆ ಬೆರಳುಗಳೇ. ಕತ್ತಿನ ತೊಂದರೆ ಇರಬಹುದು ಅಂತ ಪಟ್ಟಿ ಕಟ್ಟಿಕೊಂಡು ಕೆಲವು ತಿಂಗಳು ಕಳೆದರು. ಆಮೇಲೆ ನರರೋಗದ ಡಾಕ್ಟರು ಮೋಟಾರ್ ನ್ಯೂರಾನ್ ಕಾಯಿಲೆ ಅಂದರು. ಸ್ನಾಯು ಆಡಿಸುವ ನರಗಳು ಸಾಯುತ್ತಾ ಹೋಗುತ್ತವೆ. ಕೈ, ಕಾಲು, ನಾಲಿಗೆ, ಕೊನೆಗೆ ಉಸಿರು. ಬುದ್ಧಿ ಮಾತ್ರ ಹೆಚ್ಚಿನವರಲ್ಲಿ ಹಾಗೇ ಇರುತ್ತದೆ. ವಾಸಿ ಮಾಡುವ ಔಷಧಿ ಇಲ್ಲ.

ಮಾತು ತೊದಲುತ್ತಿದ್ದರೂ ಅರ್ಥವಾಗುತ್ತಿದ್ದ ಕಾಲದಲ್ಲೇ ಭಾವ ಸ್ಪಷ್ಟವಾಗಿ ಕೇಳಿದ್ದರು. "ಇದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಯ್ತಲ್ಲ, ನಡುವೆ ಎಲ್ಲಾದರೂ ಇಳಿಸಿಬಿಡಿ." ಅಕ್ಕ "ಹಾಗೆಲ್ಲ ಅನ್ನಬೇಡಿ" ಅಂತ ಒಳಗೆ ಹೋದಳು. ಆಮೇಲೆ ನಾನು ಒಂದು ರಟ್ಟಿನ ಮೇಲೆ ಅಕ್ಷರ ಬರೆದುಕೊಟ್ಟೆ. ನಾವು ಬೆರಳು ಓಡಿಸಬೇಕು, ಅವರು ಕಣ್ಣು ಮುಚ್ಚಿದಲ್ಲಿ ನಿಲ್ಲಿಸಬೇಕು. ಒತ್ತಕ್ಷರ ಬಿಟ್ಟೇ ಬರೆಸುತ್ತಿದ್ದರು. ಅದರಲ್ಲೂ ಅದೇ ಮಾತು. ಬೇಸರದ ಗಳಿಗೆಯ ಮಾತಲ್ಲ ಅದು. ಯಕ್ಷಗಾನ ಹಾಕಿದರೆ ನೋಡುತ್ತಿದ್ದರು, ಭಾಗವತರು ತಾಳ ತಪ್ಪಿದರೆ ಕಣ್ಣಲ್ಲೇ ನಗುತ್ತಿದ್ದರು, ಆಮೇಲೆ ಮತ್ತೆ ರಟ್ಟು ತರಿಸಿ ಅದನ್ನೇ ಕೇಳುತ್ತಿದ್ದರು.

ಅಕ್ಕನ ಮಗಳು ಇರುವುದು ಕೆನಡಾದಲ್ಲಿ. ಅಲ್ಲಿ 2016ರಿಂದ ಕಾನೂನಿದೆ. ಅಪ್ಪ ಇಲ್ಲಿದ್ದಿದ್ದರೆ ಅವರ ಮಾತು ನಡೆಯುತ್ತಿತ್ತು ಅನ್ನುತ್ತಾಳೆ. ನಿಜವೇ. ಭಾವನ ಒಬ್ಬರ ವಿಷಯ ಆಗಿದ್ದರೆ ನಾನೂ ಸೈ ಅನ್ನುತ್ತಿದ್ದೆ.

ಆದರೆ ನಾನು ರಿಟೈರ್ ಆಗುವವರೆಗೂ ಬ್ಯಾಂಕ್ ಕೌಂಟರಿನಲ್ಲಿ ಕೂತವಳು. ಸಹಿ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಪ್ರತಿ ನವೆಂಬರ್‌ನಲ್ಲಿ ಪೆನ್ಶನ್‌ನವರು ತಾವು ಬದುಕಿದ್ದೇವೆ ಅಂತ ತೋರಿಸೋಕೆ ಬರುತ್ತಾರಲ್ಲ, ಆಗ ನೋಡಬೇಕು. ಒಬ್ಬ ಅಜ್ಜಿ ಎಫ್‌ಡಿ ಮುರಿಸೋಕೆ ಬಂದರು, ಪಕ್ಕದಲ್ಲಿ ಮಗ. ನಿಮ್ಮ ಇಷ್ಟದಿಂದಲೇ ಮುರಿಸುತ್ತಿದ್ದೀರಾ ಅಂತ ಮರಾಠಿಯಲ್ಲಿ ಕೇಳಿದೆ. ಅಜ್ಜಿ ಮೊದಲು ಮಗನ ಮುಖ ನೋಡಿದರು, ಆಮೇಲೆ "ಹೋ", ಅಂದರೆ ಹೌದು, ಅಂದರು. ಸಹಿ ತಾಳೆಯಾಯಿತು. ಫಾರಂ ಸರಿ ಇತ್ತು. ನಾನು ದುಡ್ಡು ಕೊಟ್ಟೆ. ತಡೆಯೋಕೆ ನನ್ನ ಹತ್ತಿರ ಯಾವ ನಿಯಮವೂ ಇರಲಿಲ್ಲ. ಆ ಮಗ ಕೆಟ್ಟವನು ಅಂತಲೂ ನಾನು ಹೇಳುತ್ತಿಲ್ಲ. ಅವನಿಗೂ ಏನೋ ಸಾಲ ಇದ್ದಿರಬೇಕು.

ಇಲ್ಲಿನ ಮನೆಗಳು ಗೊತ್ತಲ್ಲ. ಒನ್ ರೂಮ್ ಕಿಚನ್‌ನಲ್ಲಿ ಕಾಯಿಲೆಯವರ ಮಂಚ ಅಂದರೆ ಅರ್ಧ ಮನೆ. ಮಗನ ಮದುವೆ ನಿಲ್ಲುತ್ತದೆ. ಮೊಮ್ಮಗಳು ಹತ್ತನೇ ಕ್ಲಾಸಿನ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾಳೆ. ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಬಂದಿರುತ್ತದೆ, ಫ್ಲ್ಯಾಟು ಮುದುಕಿಯ ಹೆಸರಲ್ಲಿರುತ್ತದೆ. ಇಂಥ ಕಡೆ "ನನಗೆ ಸಾಕಾಯ್ತು, ಹೋಗ್ತೀನಿ" ಅಂತ ಆಕೆ ಸಹಿ ಹಾಕಿದರೆ ಅದು ಯಾರ ಇಷ್ಟ? ಯಾರೂ ಒತ್ತಾಯ ಮಾಡಬೇಕಾಗಿಲ್ಲ. ಸೊಸೆ ಪಾತ್ರೆ ಸ್ವಲ್ಪ ಜೋರಾಗಿ ಇಟ್ಟರೆ ಸಾಕು.

ಒಬ್ಬ ಮನುಷ್ಯನಿಗೆ ಸರಿ ಅನ್ನಿಸಿದ್ದು ಎಲ್ಲರ ಮೇಲಿನ ಕಾನೂನಾಗಿ ತಪ್ಪಾಗಬಹುದಾ? ಅಥವಾ ನಾನು ಸುಮ್ನೆ ಹೆದರಿಕೆಯನ್ನು ನೀತಿ ಅಂತ ಕರೆಯುತ್ತಿದ್ದೇನಾ? ಈ ಕೆಲಸ ಹತ್ತಿರದಿಂದ ಕಂಡವರು ಹೇಳಿ.

ಗುಮ್ಮಟದೂರು

ಅಕ್ಕಾರ, ನಾನು ವಿಜಯಪುರದವಳು. ಪುಣೆಯಲ್ಲಿ ಉಪಶಮನ ಆರೈಕೆಯ ನರ್ಸ್, ಅಂದರೆ ರೋಗ ವಾಸಿಯಾಗದಿದ್ದರೂ ನೋವು, ಸಂಕಟ ಕಡಿಮೆ ಮಾಡುವ ಕೆಲಸ. ಹೆಚ್ಚಾಗಿ ಕ್ಯಾನ್ಸರ್‌ನವರ ಮನೆಗೆ ಹೋಗುತ್ತೇನೆ.

"ಮುಗಿಸಿಬಿಡಿ ಸಿಸ್ಟರ್" ಅನ್ನುವ ಮಾತು ನಮಗೆ ಹೊಸದಲ್ಲ. ಮೊದಲು ನಾವು ಕೇಳುವುದು ನೋವು ಎಷ್ಟಿದೆ, ನಿದ್ದೆ ಬರುತ್ತಾ, ಹೊಟ್ಟೆ ಸಾಫಾಗುತ್ತಾ ಅಂತ. ನಗಬೇಡಿ. ನೋವಿಗೆ ಮಾರ್ಫಿನ್ ಶುರು ಮಾಡಿ ಮಲಬದ್ಧತೆಗೆ ಔಷಧಿ ಕೊಡದಿದ್ದರೆ ಆ ಸಂಕಟ ಅನುಭವಿಸಿದವರಿಗೇ ಗೊತ್ತು. ಇವೆಲ್ಲ ಹಿಡಿತಕ್ಕೆ ಬಂದ ಮೇಲೆ ಆ ಮಾತು ಎಷ್ಟೋ ಜನರ ಬಾಯಲ್ಲಿ ನಿಂತುಹೋಗುತ್ತದೆ. ಮೊಮ್ಮಗನ ಮುಂಜಿ ಯಾವಾಗ, ಸೋಲಾಪುರದ ತಂಗಿ ಯಾಕೆ ಬಂದಿಲ್ಲ, ಇಂಥ ಮಾತು ಶುರುವಾಗುತ್ತದೆ.

ಎಲ್ಲರದ್ದೂ ನಿಲ್ಲುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನಿಮ್ಮ ಭಾವನಂಥವರು ಇರುತ್ತಾರೆ. ನೋವಿಲ್ಲ, ಮನಸ್ಸು ಕುಗ್ಗಿಲ್ಲ, ಲೆಕ್ಕ ಹಾಕಿ ಬೇಡ ಅನ್ನುತ್ತಾರೆ. ಅವರಿಗೆ ನನ್ನ ಚೀಲದಲ್ಲಿ ಔಷಧಿ ಇಲ್ಲ.

ಆದರೆ ಮೊದಲಿನ ಗುಂಪಿನ ಕಥೆ ಕೇಳಿ. ಮಾರ್ಫಿನ್ ದುಬಾರಿ ಔಷಧಿಯಲ್ಲ. 1985ರ ಮಾದಕವಸ್ತು ಕಾನೂನು ಬಂದ ಮೇಲೆ ಲೈಸೆನ್ಸುಗಳ ಗೋಜಲಿಗೆ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಆಯಿತು, ಮಾನ್ಯತೆ ಪಡೆದ ಸಂಸ್ಥೆ ಇಟ್ಟುಕೊಳ್ಳುವುದು ಸುಲಭವಾಯಿತು. ಆದರೂ ಇವತ್ತಿಗೂ ತಾಲೂಕಿನಿಂದ ರೋಗಿಯನ್ನು ಜೀಪಿನಲ್ಲಿ ಹಾಕಿಕೊಂಡು ಪುಣೆಗೆ ಬರುವವರನ್ನು ನೋಡುತ್ತೇನೆ. ಮುಂಬೈ, ಪುಣೆ, ಗೋವಾದವರು ಒಂದು ಲೆಕ್ಕದಲ್ಲಿ ಪುಣ್ಯವಂತರು. ಬಾಂದ್ರಾದ ಶಾಂತಿ ಅವೇದನಾ ಸದನ 1986ರಲ್ಲೇ ಶುರುವಾಯಿತು, ದೇಶದ ಮೊದಲ ಹಾಸ್ಪೈಸ್ ಅದು, ಅಂದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಜಾಗ. ಗೋವಾದಲ್ಲೂ ಅವರದ್ದೊಂದು ಇದೆ. ಪುಣೆಯ ವಾರ್ಜೆಯಲ್ಲಿ ಸಿಪ್ಲಾದವರ ಕೇಂದ್ರ 1997ರಿಂದ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಈ ಊರುಗಳನ್ನು ಬಿಟ್ಟು ಸ್ವಲ್ಪ ಆಚೆ ಹೋಗಿ ನೋಡಿ. ನೋವು ಕಡಿಮೆ ಮಾಡದೆ "ನಿನಗೆ ಸಾಯೋ ಹಕ್ಕಿದೆ" ಅಂದರೆ ಅದನ್ನು ಹಕ್ಕು ಅನ್ನೋಕೆ ನನಗೆ ನಾಲಿಗೆ ಬರುವುದಿಲ್ಲ.

ಒಂದು ಕೇಳಬೇಕಿತ್ತು. ನಿಮ್ಮ ಭಾವನಿಗೆ ಕತ್ತಿನಲ್ಲಿ ತೂತು ಮಾಡಿ ವೆಂಟಿಲೇಟರ್ ಹಾಕಿದ್ದರಾ? ಹಾಕುವ ಮೊದಲು ಅವರನ್ನು ಯಾರಾದರೂ ಕೇಳಿದ್ದರಾ?

ಡೊಂಬಿವಲಿ ಅಕ್ಕ

ಸಿಸ್ಟರ್, ಯಾರೂ ಕೇಳಲಿಲ್ಲ. ರಾತ್ರಿ ಉಸಿರು ಸಿಕ್ಕಿಕೊಂಡಿತು. ಹುಡುಗರು ಆಂಬುಲೆನ್ಸ್ ಕರೆದು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಬಾಯಿಗೆ ನಳಿಗೆ ಬಂದಿತ್ತು. ಕೆಲವು ದಿನ ಬಿಟ್ಟು ಕತ್ತಿಗೆ ಮಾಡಿದರು. "ಮಾಡದೆ ಇದ್ದರೆ ನೀವೇ ಜವಾಬ್ದಾರಿ" ಅಂತ ಬರೆದ ಕಾಗದ ಮುಂದಿಟ್ಟರೆ ಅಕ್ಕ ಇನ್ನೇನು ಮಾಡುತ್ತಾಳೆ, ಸಹಿ ಹಾಕಿದಳು. ನೋಡಿ, ಇಲ್ಲೂ ಸಹಿ. ಹಲವು ವಾರ ಐಸಿಯುನಲ್ಲಿದ್ದು ಎದೆಯ ಸೋಂಕಿನಿಂದ ಹೋದರು. ಅಕ್ಷರದ ರಟ್ಟನ್ನು ಒಳಗೆ ಬಿಡಲಿಲ್ಲ.

ಅಂಧೇರಿ ಈಸ್ಟ್

ಆಂಟಿ, ಬೇಜಾರು ಮಾಡ್ಕೋಬೇಡಿ, ನಿಮ್ಮ ವಾದ ನನಗೆ ಸಿಟ್ಟು ತರಿಸಿತು.

ನನ್ನ ಅಪ್ಪನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇತ್ತು. ಪರೇಲ್‌ನ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡಿದೆವು. ಮಾರ್ಫಿನ್ ಸಿಕ್ಕಿತು, ನರ್ಸ್ ಮನೆಗೆ ಬಂದರು, ನಮ್ಮದು ದೊಡ್ಡ ಮನೆ, ದುಡ್ಡಿನ ತೊಂದರೆ ಇರಲಿಲ್ಲ. ಆದರೂ ಅಪ್ಪ ಕೇಳಿದ್ದು ಅದನ್ನೇ. ಯಾಕೆ ಅಂದರೆ ಸಂಡಾಸಿಗೆ ಮಗ ಎತ್ತಿಕೊಂಡು ಹೋಗುವುದು ಅವರಿಗೆ ಸಹಿಸೋಕೆ ಆಗಲಿಲ್ಲ. ನಾನು ಸಂತೋಷದಿಂದ ಎತ್ತುತ್ತಿದ್ದೆ, ಅದು ಬೇರೆ ಮಾತು. ಸಹಿಸಬೇಕಾದವರು ಅವರಲ್ಲವಾ?

ನೀವು ಹೇಳುವುದು ಏನು? ಎಲ್ಲೋ ಒಬ್ಬ ಅಜ್ಜಿಯ ಮೇಲೆ ಒತ್ತಡ ಬೀಳಬಹುದು, ಅದಕ್ಕೆ ನನ್ನ ಅಪ್ಪ ನರಳಬೇಕು. ಇದು ಯಾವ ನ್ಯಾಯ?

ಇನ್ನೊಂದು. ಬಡವರೇ ಬಲಿಯಾಗುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1997ರಿಂದ ಕಾನೂನು ಜಾರಿಯಲ್ಲಿದೆ. ಆರು ತಿಂಗಳಿಗಿಂತ ಜಾಸ್ತಿ ಬದುಕುವುದಿಲ್ಲ ಅಂತ ಇಬ್ಬರು ಡಾಕ್ಟರು ಹೇಳಬೇಕು, ರೋಗಿ ಬಾಯಲ್ಲೂ ಬರಹದಲ್ಲೂ ಕೇಳಬೇಕು, ಔಷಧಿಯನ್ನು ತಾನೇ ತೆಗೆದುಕೊಳ್ಳಬೇಕು. ಪ್ರತಿ ವರ್ಷ ಸರ್ಕಾರ ಲೆಕ್ಕ ಹೊರಗೆ ಹಾಕುತ್ತದೆ. ಬಳಸಿದವರಲ್ಲಿ ಹೆಚ್ಚಿನವರು ಓದಿದವರು, ಹಾಸ್ಪೈಸ್ ಆರೈಕೆಯಲ್ಲಿ ಇದ್ದವರು. ಕಾರಣ ಕೇಳಿದರೆ ನೋವಿಗಿಂತ ಮೇಲೆ ಬರುವುದು ಸ್ವಾತಂತ್ರ್ಯ ಹೋಯಿತು ಅನ್ನುವುದು. ಅಂದರೆ ನನ್ನ ಅಪ್ಪನಂಥವರು.

ಮತ್ತೆ, ನಿಮ್ಮ ಸಹಿ ವಾದ ನಿಮಗೇ ತಿರುಗುತ್ತದೆ. ಸಹಿಯನ್ನು ನಂಬಬಾರದು ಅಂದರೆ ವೆಂಟಿಲೇಟರ್ ತೆಗೆಯುವುದಕ್ಕೂ ಸಹಿ ಬೇಕಲ್ಲ? ಅದನ್ನು ಸುಪ್ರೀಂ ಕೋರ್ಟ್ ಒಪ್ಪಿದೆ. ಅಲ್ಲಿ ಅಜ್ಜಿಯ ಮಗ ಇಲ್ಲವಾ?

ಮಡಗಾಂವ್ ವಕೀಲ

ಇಬ್ಬರೂ ಸ್ವಲ್ಪ ತಡೆಯಿರಿ. ಕಾನೂನು ಎಲ್ಲಿದೆ ಅಂತ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡಿ.

ಇಂಜೆಕ್ಷನ್ ಕೊಟ್ಟು ಕಳಿಸುವುದು ಭಾರತದಲ್ಲಿ ಅಪರಾಧ. ರೋಗಿಯ ಒಪ್ಪಿಗೆ ಇದ್ದರೆ ಕೊಲೆಗಿಂತ ಒಂದು ಮೆಟ್ಟಿಲು ಕೆಳಗಿನ ಅಪರಾಧ ಆಗಬಹುದು, ಅಷ್ಟೇ. ಸಾಯೋಕೆ ನೆರವಾದರೂ ಅಪರಾಧ. ಯಂತ್ರ ಬೇಡ ಅನ್ನುವುದು, ಹಾಕಿದ್ದನ್ನು ತೆಗೆಯುವುದು ಮಾತ್ರ ಬೇರೆ ಖಾನೆಗೆ ಬರುತ್ತದೆ.

ಈ ಖಾನೆ ಹುಟ್ಟಿದ್ದೇ ನಮ್ಮ ಕಡೆಯ ಒಂದು ಹೆಣ್ಣುಮಗಳಿಂದ. ಅರುಣಾ ಶಾನಭಾಗ ಉತ್ತರ ಕನ್ನಡದ ಹಳದೀಪುರದವರು, ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಅಲ್ಲಿನ ಒಬ್ಬ ಸ್ವೀಪರ್ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ದೌರ್ಜನ್ಯ ಮಾಡಿದ. ಮೆದುಳಿಗೆ ಏಟಾಗಿ ಅದೇ ಆಸ್ಪತ್ರೆಯಲ್ಲಿ 2015ರ ಮೇವರೆಗೆ ಮಲಗಿದ್ದರು. ಅರುಣಾ ಅವರನ್ನು ಸಾಯಲು ಬಿಡಿ ಅಂತ ಪತ್ರಕರ್ತೆ ಪಿಂಕಿ ವಿರಾಣಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ಕೋರ್ಟ್ ಆ ಅರ್ಜಿ ತಳ್ಳಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಅಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿಗೆ ಇದೆ ಅಂದಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟ್ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಅಂತಲೂ ಹೇಳಿತು. ವಿರಾಣಿಯವರದ್ದೂ ಕರುಣೆಯೇ, ಆ ನರ್ಸುಗಳದ್ದೂ ಕರುಣೆಯೇ. ಎರಡರಲ್ಲಿ ಒಂದನ್ನು ಆರಿಸುವ ಕೆಲಸ ಜಡ್ಜಿಗಳ ಮೇಲೆ ಬಿತ್ತು.

2018ರ ಮಾರ್ಚ್ 9ರಂದು ಐದು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗ ಅಂದಿತು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡುವ ಲಿವಿಂಗ್ ವಿಲ್ ಒಪ್ಪಿತು. ಆದರೆ ಮ್ಯಾಜಿಸ್ಟ್ರೇಟ್ ಸಹಿ ಬೇಕು ಅಂತ ಇಟ್ಟಿದ್ದರಿಂದ ಅದು ಕಾಗದದ ಮೇಲೇ ಉಳಿಯಿತು. ಐಸಿಯು ಡಾಕ್ಟರುಗಳ ಸಂಘವೇ ಕೋರ್ಟಿಗೆ ಹೋಯಿತು. 2023ರ ಜನವರಿಯಲ್ಲಿ ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಜಾರಿ ಮಾಡುವಾಗ ಆಸ್ಪತ್ರೆಯಲ್ಲಿ ಎರಡು ವೈದ್ಯಕೀಯ ಮಂಡಳಿ ಒಪ್ಪಬೇಕು. ಎರಡನೆಯದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ಹೊರಗಿನ ಡಾಕ್ಟರ್ ಇರುತ್ತಾರೆ. ಅಂಧೇರಿಯವರೇ, ಅಜ್ಜಿಯ ಮಗನ ಸಹಿಯೊಂದರಿಂದಲೇ ಯಂತ್ರ ನಿಲ್ಲುವುದಿಲ್ಲ.

ನಮ್ಮ ಗೋವಾದ ಬಗ್ಗೆ ಸ್ವಲ್ಪ ಹೆಮ್ಮೆ ಪಡುತ್ತೇನೆ. 2024ರಲ್ಲಿ ಬಾಂಬೆ ಹೈಕೋರ್ಟ್ ಗೋವಾ ಪೀಠದ ನ್ಯಾಯಮೂರ್ತಿ ಎಂ. ಎಸ್. ಸೋನಕ್ ಇಲ್ಲಿ ಮೊದಲಿಗರಾಗಿ ತಮ್ಮ ಲಿವಿಂಗ್ ವಿಲ್ ನೋಂದಾಯಿಸಿದರು. ಮುಂಬೈಯಲ್ಲಿ ಡಾಕ್ಟರ್ ನಿಖಿಲ್ ದಾತಾರ್ ತಮ್ಮ ವಿಲ್ ಇಟ್ಟುಕೊಳ್ಳಬೇಕಾದ ಅಧಿಕಾರಿ ಯಾರು ಅಂತಲೇ ಗೊತ್ತಿಲ್ಲ ಅಂತ ಹೈಕೋರ್ಟಿಗೆ ಹೋಗಬೇಕಾಯಿತು. ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿನ ಈ ತೀರ್ಪು ಜಾರಿ ಮಾಡಲು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಅಕ್ಕನವರ ಪ್ರಶ್ನೆಗೆ ಬರುತ್ತೇನೆ. ಇಬ್ಬಗೆ ಅಲ್ಲ. ನೀತಿ ಒಬ್ಬನನ್ನು ನೋಡುತ್ತದೆ, ಕಾನೂನು ಗುರುತಿಲ್ಲದ ಜನರನ್ನು ನೋಡುತ್ತದೆ. ನನಗೆ ಕಾಡುವುದು ಬೇರೆ. ಮೇಲೆ ಹೇಳಿದ್ದೆಲ್ಲ ಕೋರ್ಟಿನ ಕೆಲಸ. ಕಾನೂನು ಆಯೋಗ 2006ರಲ್ಲೂ 2012ರಲ್ಲೂ ವರದಿ ಕೊಟ್ಟಿತು, ಸಂಸತ್ತು ಕಾನೂನು ಮಾಡಲಿಲ್ಲ. ಬ್ರಿಟನ್ನಿನಲ್ಲಿ 2025ರ ಜೂನ್ 20ರಂದು ಸಂಸತ್ತಿನ ಕೆಳಮನೆಯಲ್ಲಿ ಸಾಯಲು ನೆರವು ಕೊಡುವ ಮಸೂದೆಗೆ ಮತ ಹಾಕಿದರು. ಪಕ್ಷದ ಆದೇಶ ಇಲ್ಲ, ಅವರವರ ಮನಸ್ಸಿಗೆ ಬಂದಂತೆ. ಪರ 314, ವಿರೋಧ 291. ಒಬ್ಬೊಬ್ಬರು ಎದ್ದು ನಿಂತು ತಮ್ಮ ಅಮ್ಮನ, ಗಂಡನ ಕಥೆ ಹೇಳಿದರು. ನಮ್ಮ ಎಂಪಿಗಳು ಹಾಗೆ ಮಾತಾಡುವುದನ್ನು ನೀವು ಕೇಳಿದ್ದೀರಾ?

ನಿಪ್ಪಾಣಿಯವ

ನಾನು ಜೈನ. ಕೊಥ್ರೂಡ್‌ನಲ್ಲಿ ಇದ್ದೇನೆ. ಸಲ್ಲೇಖನ, ಅಂದರೆ ವ್ರತವಾಗಿ ಆಹಾರ ಬಿಡುತ್ತಾ ದೇಹ ತ್ಯಜಿಸುವುದು, ಅಂದ ತಕ್ಷಣ ಇದೇ ಚರ್ಚೆಗೆ ಎಳೆಯುತ್ತಾರೆ, ಅದಕ್ಕೆ ನಾನೇ ಮೊದಲು ಬಂದೆ.

ನಮ್ಮ ಕಡೆ ಆಚಾರ್ಯ ಶಾಂತಿಸಾಗರರನ್ನು ಎಲ್ಲರೂ ನೆನೆಯುತ್ತಾರೆ. ಚಿಕ್ಕೋಡಿ ಕಡೆಯ ಭೋಜ ಗ್ರಾಮದವರು, 1955ರಲ್ಲಿ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನ ತೆಗೆದುಕೊಂಡರು. ಕಣ್ಣು ಮಂಜಾಗಿತ್ತು, ನಡೆಯುವಾಗ ಕಾಲಡಿಯ ಜೀವ ಕಾಣುವುದಿಲ್ಲ, ವ್ರತ ಪಾಲಿಸಲು ಆಗುವುದಿಲ್ಲ ಅನ್ನುವುದು ಕಾರಣ. ನನ್ನ ಅಜ್ಜಿಯೂ ತೆಗೆದುಕೊಂಡಿದ್ದರು. ಮೊದಲು ಗುರುಗಳು ಒಪ್ಪಲಿಲ್ಲ. ಮನೆಯಲ್ಲಿ ಯಾರ ಮೇಲಾದರೂ ಸಿಟ್ಟಿದೆಯಾ, ಬೇಗ ಹೋಗಬೇಕು ಅನ್ನುವ ಆಸೆ ಇದೆಯಾ ಅಂತ ಕೇಳಿದರು. ಬೇಗ ಸಾಯುವ ಆಸೆಯೂ ನಮ್ಮಲ್ಲಿ ದೋಷವೇ. ಸಿಟ್ಟಿರುವ ಮುದುಕಿಗೆ ಅನುಮತಿ ಇಲ್ಲ. ಆಂಟಿ ಹೇಳಿದ ಪಾತ್ರೆ ಸದ್ದು ಕೇಳಿ ಹೊರಟವರಿಗೂ ಇಲ್ಲ.

2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದು ಆತ್ಮಹತ್ಯೆಗೆ ಸಮ ಅಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆಗ ನಾವು ರಸ್ತೆಗಿಳಿದು ಕೇಳಿದ್ದು ಒಂದೇ, ನಮ್ಮನ್ನು ನಮ್ಮ ಪಾಡಿಗೆ ಬಿಡಿ. ಡಾಕ್ಟರ್ ಕಳಿಸಿ, ಔಷಧಿ ಕೊಡಿ ಅಂತ ಕೇಳಲಿಲ್ಲ. ನನಗೆ ವ್ಯತ್ಯಾಸ ಕಾಣುವುದು ಅಲ್ಲೇ. ಸರ್ಕಾರ ಸುಮ್ಮನಿರಲಿ ಅನ್ನುವುದು ಒಂದು. ಸರ್ಕಾರವೇ ವ್ಯವಸ್ಥೆ ಮಾಡಿಕೊಡಲಿ ಅನ್ನುವುದು ಇನ್ನೊಂದು. ಆದರೂ ನಿಜ ಹೇಳಬೇಕು ಅಂದರೆ, ನಮ್ಮಲ್ಲೂ ಪ್ರತಿ ಮನೆಯಲ್ಲಿ ಗುರುಗಳು ಅಷ್ಟು ಗಟ್ಟಿಯಾಗಿ ಪ್ರಶ್ನೆ ಕೇಳುತ್ತಾರೆ ಅಂತ ನಾನು ಆಣೆ ಮಾಡಲಾರೆ.

ಡೊಂಬಿವಲಿ ಅಕ್ಕ

ಎಲ್ಲರಿಗೂ ನಮಸ್ಕಾರ. ಅಂಧೇರಿಯ ತಮ್ಮ, ನಿಮ್ಮ ಸಿಟ್ಟು ನನಗೆ ಬೇಜಾರು ಮಾಡಲಿಲ್ಲ. ನಿಮ್ಮ ತಂದೆಯವರು ಕೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಒರೆಗಾನ್ ಲೆಕ್ಕ ಅಕ್ಕನ ಮಗಳೂ ಕಳಿಸಿದ್ದಳು. ಆದರೆ ಅಲ್ಲಿ ಆ ಮನುಷ್ಯ ಹಾಸ್ಪೈಸ್ ಬೇಕು ಅಂದರೆ ಹಾಸ್ಪೈಸ್ ಸಿಗುತ್ತದೆ, ಆಮೇಲೂ ಬೇಡ ಅನ್ನುತ್ತಾನೆ. ಇಲ್ಲಿ ಸಿಸ್ಟರ್ ಹೇಳಿದ ಜೀಪಿನಲ್ಲಿ ಬರುವವನಿಗೆ ಏನು ಸಿಗುತ್ತದೆ? ಬದುಕಿಸೋಕೆ ಲಕ್ಷಗಟ್ಟಲೆ ಕೇಳುವ ಕಡೆ ಸಾಯೋಕೆ ಪುಕ್ಕಟೆ ಬಾಗಿಲು ತೆಗೆದರೆ ಜನ ಯಾವ ಕಡೆ ನಡೆಯುತ್ತಾರೆ ಅಂತ ಹೇಳೋಕೆ ಬ್ಯಾಂಕಿನ ಬುದ್ಧಿ ಸಾಕು.

ಕೆನಡಾದ್ದೂ ಒಂದು ಹೇಳಬೇಕು, ಅವಳು ಒಪ್ಪುವುದಿಲ್ಲ ಆದರೂ. 2016ರಲ್ಲಿ ಸಾವು ಹತ್ತಿರ ಬಂದವರಿಗೆ ಅಂತ ಶುರು ಮಾಡಿದರು. 2021ರಲ್ಲಿ ಸಾವು ಹತ್ತಿರ ಇಲ್ಲದವರಿಗೂ ತೆರೆದರು, ವಾಸಿಯಾಗದ ಕಾಯಿಲೆ ಅಥವಾ ಅಂಗವೈಕಲ್ಯ ಇದ್ದು ಸಹಿಸಲಾಗದ ಸಂಕಟ ಇದ್ದರೆ ಆಯಿತು. ಅಂಗವಿಕಲರ ಸಂಘಟನೆಗಳೇ ಇದಕ್ಕೆ ವಿರೋಧ ಹೇಳಿದವು. ನಮಗೆ ಬೇಕಾದ ಮನೆ, ನೆರವು ಕೊಡದೆ ಇದನ್ನು ಕೊಡುತ್ತೀರಾ ಅಂತ ಕೇಳಿದರು. ಬರೀ ಮಾನಸಿಕ ಕಾಯಿಲೆ ಇರುವವರಿಗೂ ಕೊಡುವ ಮಾತು ಬಂತು, ಅದನ್ನು 2027ಕ್ಕೆ ಮುಂದೂಡಿದ್ದಾರೆ. ದುಡ್ಡಿರುವ ದೇಶವೇ ಹೀಗೆ ತಡವರಿಸುತ್ತಿದೆ.

ನಿಮ್ಮ ಕೊನೆಯ ಪ್ರಶ್ನೆ, ಯಂತ್ರ ತೆಗೆಯೋಕೂ ಸಹಿ ಬೇಕಲ್ಲ ಅನ್ನುವುದು, ಅದು ನನ್ನ ತಲೆಯಲ್ಲಿ ತುಂಬಾ ಕೊರೆಯಿತು. ನನ್ನ ಉತ್ತರ ಇಷ್ಟು. ಲಿವಿಂಗ್ ವಿಲ್ ಅನ್ನು ನಾನು ನನ್ನ ಕಾಲ ಮೇಲೆ ನಿಂತಿರುವಾಗ ಬರೆಯುತ್ತೇನೆ. ಆಗ ನನ್ನ ಮಂಚ ಯಾರಿಗೂ ಅಡ್ಡ ಇಲ್ಲ, ನನ್ನ ಪೆನ್ಶನ್ ನನ್ನ ಕೈಯಲ್ಲಿದೆ. ನಾಳೆ ಮನಸ್ಸು ಬದಲಾದರೆ ಹರಿದು ಹಾಕಬಹುದು. ಇಂಜೆಕ್ಷನ್ ಕೇಳುವ ಸಹಿ ಬೀಳುವುದು ಇನ್ನೊಬ್ಬರು ತಿನ್ನಿಸುವ ಹೊತ್ತಿನಲ್ಲಿ. ಎರಡೂ ಸಹಿಗಳೇ, ಆದರೆ ಎರಡಕ್ಕೂ ನಾನು ಒಂದೇ ಬೆಲೆ ಕೊಡಲಾರೆ.

ಇದರಿಂದ ಭಾವನ ಲೆಕ್ಕ ಮುಗಿಯುವುದಿಲ್ಲ, ಗೊತ್ತು. ಅವರು ಕೇಳಿದಾಗ ಇನ್ನೂ ನಡೆಯುತ್ತಿದ್ದರು. ನನ್ನ ವಾದದಲ್ಲಿ ಅವರಿಗೆ ಜಾಗ ಸಿಗುವುದಿಲ್ಲ. ಆದರೂ ವೋಟು ಬದಲಿಸಲಾರೆ. ತಾಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಸಿಗಲಿ, ರಾತ್ರಿ ಮನೆಗೆ ಬರುವ ನರ್ಸ್ ಇರಲಿ, ಆಮೇಲೆ ಕೇಳಿ. ಆವತ್ತು ಪರವಾಗಿ ಒತ್ತುತ್ತೇನೆ.

ಅಂಧೇರಿ ಈಸ್ಟ್

ಆಂಟಿ, ತಾಲೂಕಿನಲ್ಲಿ ನರ್ಸ್ ಬರುವವರೆಗೆ ಅಂದರೆ ಯಾವತ್ತೂ ಬೇಡ ಅಂತಲೇ ಅರ್ಥ. ಇಲ್ಲಿ ನಾವು ಒಪ್ಪುವುದಿಲ್ಲ, ಬಿಡಿ. ಇದನ್ನು ಕಾನೂನು ಮಾಡದೆ ಇದ್ದರೂ ಒಳಗೊಳಗೆ ನಡೆಯುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದುಡ್ಡು ಮುಗಿದ ದಿನ "ಡಾಕ್ಟರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗುತ್ತಿದ್ದೇವೆ" ಅಂತ ಬರೆದುಕೊಟ್ಟು ವೆಂಟಿಲೇಟರ್ ಮೇಲಿದ್ದವರನ್ನು ಮನೆಗೆ ಒಯ್ಯುವುದು ಎಲ್ಲ ಊರಲ್ಲೂ ಇದೆ. ಅಲ್ಲಿ ಯಾವ ಮಂಡಳಿ ಕೂರುತ್ತೆ? ಒತ್ತಡದ ಭಯ ಇದ್ದರೆ ನೋಡಬೇಕಾದ್ದು ಮೊದಲು ಅದನ್ನು.

ಗುಮ್ಮಟದೂರು

ಇದು ಮಾತ್ರ ನೂರಕ್ಕೆ ನೂರು ನಿಜ ರೀ. ಹಾಗೆ ಒಯ್ದವರಿಗೆ ದಾರಿಯಲ್ಲಿ ಉಸಿರು ಸಿಗದೆ ಒದ್ದಾಡದಿರಲಿ ಅಂತ ಒಂದು ಔಷಧಿಯನ್ನೂ ಕೈಗೆ ಕೊಟ್ಟಿರುವುದಿಲ್ಲ. ಎರಡು ಮಂಡಳಿ ಕೂತು ಯಂತ್ರ ತೆಗೆದರೆ ಅಲ್ಲಿ ಕನಿಷ್ಠ ಉಸಿರಾಟದ ಸಂಕಟ ನೋಡಿಕೊಳ್ಳುವ ಜನ ಇರುತ್ತಾರೆ. ಡಾಕ್ಟರುಗಳಿಗೇ ಎಷ್ಟೋ ಕಡೆ ಈ ದಾರಿ ಇದೆ ಅಂತ ಗೊತ್ತಿಲ್ಲ, ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರುತ್ತಾರೆ.

ಡೊಂಬಿವಲಿ ಅಕ್ಕ

ವಕೀಲರೇ, ವೋಟಿನ ಮಾತು ಬಿಟ್ಟು ಕೆಲಸದ ಮಾತು ಕೇಳುತ್ತೇನೆ. ನನ್ನ ವಿಲ್ ಬರೆಯಬೇಕು ಅಂತಿದ್ದೇನೆ. ಕತ್ತಿಗೆ ತೂತು ಬೇಡ, ಮೂಗಿನ ನಳಿಗೆ ಬೇಡ, ನೋವಿಗೆ ಮಾತ್ರ ಔಷಧಿ ಬೇಕು ಅಂತ ಕನ್ನಡದಲ್ಲೇ ಬರೆಯಬಹುದಾ? ಸಾಕ್ಷಿಗೆ ನಮ್ಮ ಸೊಸೈಟಿ ಸೆಕ್ರೆಟರಿ ಆಗುತ್ತಾರಾ? ಮಕ್ಕಳನ್ನು ಸಾಕ್ಷಿ ಮಾಡಲು ಮನಸ್ಸಿಲ್ಲ, ಕಾರಣ ಮೇಲೆಯೇ ಬರೆದಿದ್ದೇನೆ.

ಮಡಗಾಂವ್ ವಕೀಲ

ಸೆಕ್ರೆಟರಿ ಆಗಬಹುದು. ಸಾಕ್ಷಿಗಳು ಹೊರಗಿನವರಾಗಿದ್ದರೇ ಒಳ್ಳೆಯದು. ಆದರೆ ನಿಮಗೆ ಮಾತಾಡಲು ಆಗದಿದ್ದಾಗ ನಿಮ್ಮ ಪರವಾಗಿ ಮಾತಾಡುವವರು ಯಾರು ಅಂತ ವಿಲ್‌ನಲ್ಲಿ ಹೆಸರಿಸಬೇಕು. ಒಬ್ಬರಿಗಿಂತ ಜಾಸ್ತಿ ಹೆಸರು ಕೊಡಬಹುದು. ಅಲ್ಲಿ ಮಾತ್ರ ಮನೆಯವರು ಇರಲಿ, ಮತ್ತು ಈಗಲೇ ಅವರಿಗೆ ಓದಿ ಹೇಳಿ. ಕನ್ನಡದಲ್ಲಿ ಬರೆಯಿರಿ, ಜೊತೆಗೆ ಇಂಗ್ಲಿಷ್ ಪ್ರತಿಯೂ ಇರಲಿ, ರಾತ್ರಿ ಎರಡು ಗಂಟೆಗೆ ಡ್ಯೂಟಿಯಲ್ಲಿರುವ ಡಾಕ್ಟರಿಗೆ ಓದಲು ಬರಬೇಕಲ್ಲ. ಒಂದು ಪ್ರತಿ ನಿಮ್ಮ ಫ್ಯಾಮಿಲಿ ಡಾಕ್ಟರಿಗೆ, ಒಂದು ಪಾಲಿಕೆ ನೇಮಿಸಿದ ಅಧಿಕಾರಿಗೆ. ನಿಮ್ಮಲ್ಲಿ ಆ ಅಧಿಕಾರಿ ಯಾರು ಅಂತ ಕಲ್ಯಾಣ-ಡೊಂಬಿವಲಿ ಪಾಲಿಕೆಯ ಆರೋಗ್ಯ ವಿಭಾಗದಲ್ಲಿ ಕೇಳಿ, ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸೀಲಿನ ವಿಷಯ ಬ್ಯಾಂಕಿನವರಿಗೆ ನಾನು ಹೇಳಬೇಕಾಗಿಲ್ಲ.